ಒಂದೇ ಸೂರಿನಡಿ ಎರಡು ಗಂಡು ಬೆಕ್ಕುಗಳು

ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ. ಅದು ಮನೆಯ ಕಾವಲುಗಾರ. ಶೇಂಗಾ ಬೆಳೆಗೂ ಎಣ್ಣೆಯ ಗಿರಣಿಗಳಿಗೂ ಹೆಸರಾದ ಚಳ್ಳಕೆರೆಯಲ್ಲಿ ಕಾಯಿಯ ಮೂಟೆಗಳಿದ್ದೆಡೆಗೆ ಇಲಿಗಳು ಬಾರದಿರುವುದಿಲ್ಲ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಮಗ್ಗದ ನೂಲಿಗೆ ಇಲಿಯ ಹಲ್ಲು ತಾಗಿದರೆ ನೇಕಾರನ ದುಡಿಮೆಯೇ ಹಾಳು. ಆದುದರಿಂದ, ಒಂದಕ್ಕಿಂತ ಎರಡು ಲೇಸೆಂದು ಒಂದೇ ಸೂಲಿನ ಎರಡು ಗಂಡುಮರಿಗಳನ್ನು ಮನೆಗೆ ತರುವವರುಂಟು.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೊದಲ ಕೆಲವು ತಿಂಗಳು ಮರಿಗಳು ಒಂದೇ ಗೋಣಿಚೀಲದ ಮೇಲೆ ಒಂದನ್ನೊಂದು ಅಪ್ಪಿ ಮಲಗುತ್ತವೆ. ಎಂಟು ಹತ್ತು ತಿಂಗಳಾಗುವ ವೇಳೆಗೆ ಆ ಸ್ನೇಹವೆಲ್ಲ ಎಲ್ಲಿಗೋ ಹೋಗಿ, ರಾತ್ರಿಯೆಲ್ಲ ಕಾದಾಟ, ಹರಿದ ಕಿವಿ, ಗೋಡೆಯ ಮೇಲೆ ಮೂತ್ರದ ಘಾಟು. ಬೇಸತ್ತ ಮನೆಯವರು ಒಂದನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಾರೆ. ಎರಡು ಗಂಡು ಬೆಕ್ಕುಗಳು ಒಂದು ಮನೆಯಲ್ಲಿ ಬಾಳಲಾರವೆಂಬುದು ಅವರ ತೀರ್ಪು. ಈ ತೀರ್ಪು ಸರಿಯೆ?

ಉತ್ತರದ ಅರ್ಧಭಾಗ ಈ ಸೀಮೆಯ ರೈತನಿಗೆ ಆಗಲೇ ತಿಳಿದಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನೆಳೆದ ಅಮೃತಮಹಲ್ ತಳಿಯ ದನಗಳ ಕಾವಲು ಚಳ್ಳಕೆರೆ ತಾಲ್ಲೂಕಿನಲ್ಲಿಯೂ ಉಂಟು. ಎರಡು ಬಲಿತ ಹೋರಿಗಳನ್ನು ಒಂದೇ ನೊಗಕ್ಕೆ ಒಗ್ಗಿಸುವುದು ಸುಲಭವಲ್ಲ. ಆದರೆ ಬೀಜ ಒಡೆಸಿದ ಮೇಲೆ ಅವೇ ಎತ್ತುಗಳಾಗಿ ಹೆಗಲಿಗೆ ಹೆಗಲು ಕೊಟ್ಟು ವರ್ಷಗಟ್ಟಲೆ ದುಡಿಯುತ್ತವೆ. ಅವುಗಳ ಸ್ವಭಾವವನ್ನು ತಿದ್ದಿದ್ದು ಬಾರುಕೋಲಲ್ಲ, ರಕ್ತದಲ್ಲಾದ ಬದಲಾವಣೆ.

ಬೆಕ್ಕಿನ ಮಾತೂ ಇದೇ. ಗಂಡುಮರಿಗೆ ಸುಮಾರು 6 ತಿಂಗಳಾಗುವಾಗ ಅದರ ವೃಷಣಗಳು ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಇದರ ಪ್ರಭಾವದಿಂದ ಪ್ರಾಣಿಯು ಹೆಣ್ಣನ್ನರಸಿ ಅಲೆಯುತ್ತದೆ, ಗಡಿಗಳಿಗೆ ಮೂತ್ರ ಸಿಂಪಡಿಸುತ್ತದೆ, ಎದುರಾದ ಗಂಡನ್ನು ಪ್ರತಿಸ್ಪರ್ಧಿಯೆಂದು ಕಾಣುತ್ತದೆ. ಎದುರಾದದ್ದು ಒಡಹುಟ್ಟಿದ್ದೆಂಬ ವಿನಾಯಿತಿ ಅಲ್ಲಿಲ್ಲ. ಆದುದರಿಂದ ಮರಿಗಳಿಗೆ 4ರಿಂದ 6 ತಿಂಗಳಾಗಿರುವಾಗಲೇ ಪಶುವೈದ್ಯರಿಂದ ಎರಡಕ್ಕೂ ಶಸ್ತ್ರಕ್ರಿಯೆ ಮಾಡಿಸುವುದು ಮೊದಲ ಕರ್ತವ್ಯ. ಅರಿವಳಿಕೆ ಕೊಟ್ಟು ಮಾಡುವ ಈ ಕ್ರಿಯೆ ಚಿಕ್ಕದು. ತಡವಾಗಿ ಮಾಡಿಸಿದರೂ ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ಕಾದಾಟವೂ ಮೂತ್ರ ಸಿಂಪಡಿಸುವುದೂ ಬಹುವಾಗಿ ತಗ್ಗುತ್ತವೆ. ಇಲಿ ಹಿಡಿಯುವ ಚಪಲ ಇದರಿಂದ ಅಳಿಯುವುದೆಂಬ ಭಯ ಬೇಡ. ಬೇಟೆಯ ಪ್ರವೃತ್ತಿಗೆ ಈ ಹಾರ್ಮೋನು ಆಧಾರವಲ್ಲ.

ಉತ್ತರದ ಉಳಿದರ್ಧ ಬೆಕ್ಕಿನ ಪೂರ್ವಚರಿತ್ರೆಯಲ್ಲಿದೆ. ಪಶ್ಚಿಮ ಏಷ್ಯ ಮತ್ತು ಆಫ್ರಿಕಗಳ ಒಂದು ಕಾಡುಬೆಕ್ಕಿನಿಂದ ನಮ್ಮ ಸಾಕುಬೆಕ್ಕು ಬಂದಿತೆಂಬುದನ್ನು 2007ರಲ್ಲಿ ಪ್ರಕಟವಾದ ಡಿ.ಎನ್.ಎ. ಪರೀಕ್ಷೆಗಳು ತೋರಿಸಿದುವು. ಆ ಪೂರ್ವಜವು ಒಂಟಿಯಾಗಿ ಬೇಟೆಯಾಡಿ, ಒಂಟಿಯಾಗಿ ತಿನ್ನುತ್ತಿತ್ತು. ಒಂದು ಇಲಿಯನ್ನು ಇಬ್ಬರು ಹಂಚಿಕೊಳ್ಳುವುದು ಹೇಗೆ? ಹಾಗೆಂದು ಬೆಕ್ಕಿನ ಕುಲಕ್ಕೆ ಸಹಬಾಳ್ವೆ ತೀರ ಅಪರಿಚಿತವೇನೂ ಅಲ್ಲ. ಸಿಂಹಗಳಲ್ಲಿ ಅಣ್ಣತಮ್ಮಂದಿರು ಜೊತೆಗೂಡಿ ನೆಲವನ್ನು ಕಾಯುತ್ತಾರೆ. ಚೀತಾಗಳಲ್ಲಿಯೂ ಸೋದರರು ಜೀವಮಾನವೆಲ್ಲ ಕೂಡಿರುವುದುಂಟು. ಸಾಕುಬೆಕ್ಕಿನ ಮರಿಗಳು ಹುಟ್ಟಿದ 2ನೆಯ ವಾರದಿಂದ 7ನೆಯ ವಾರದವರೆಗೆ ಯಾರೊಡನೆ ಬೆಳೆಯುವುವೋ ಅವರನ್ನು ತಮ್ಮವರೆಂದು ಒಪ್ಪಿಕೊಳ್ಳುವುದು ಸುಲಭ. ಒಡಹುಟ್ಟಿದ ಮರಿಗಳು ಈ ಲಾಭವನ್ನು ಪಡೆದೇ ಬರುತ್ತವೆ. ಅದನ್ನು ಉಳಿಸಿಕೊಡುವುದಷ್ಟೇ ನಮ್ಮ ಕೆಲಸ.

ಹೇಗೆ ಉಳಿಸುವುದು? ಮೊದಲನೆಯದಾಗಿ, ಸ್ಪರ್ಧೆಗೆ ಕಾರಣ ಕೊಡಬಾರದು. ತಟ್ಟೆಗಳು ಎರಡಿರಲಿ, ಒಂದರಿಂದ ಇನ್ನೊಂದು ಕಾಣದಂತೆ ದೂರವಿರಲಿ. ಮಲವಿಸರ್ಜನೆಗೆ ಮರಳು ತುಂಬಿದ ಅಗಲವಾದ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು. ಎಂದರೆ ಎರಡಕ್ಕೆ ಮೂರು, ಅವೂ ಬೇರೆಬೇರೆ ಮೂಲೆಗಳಲ್ಲಿ. ಅಟ್ಟ, ಕಿಟಕಿ, ಗೂಡು ಮುಂತಾದ ಎತ್ತರದ ಜಾಗಗಳಿದ್ದರೆ ಮನೆ ಚಿಕ್ಕದಾದರೂ ಬೆಕ್ಕಿಗೆ ದೊಡ್ಡದಾಗುತ್ತದೆ.

ಎರಡನೆಯದಾಗಿ, ವಾಸನೆಯನ್ನು ಮರೆಯಬಾರದು. ಬೆಕ್ಕಿನ ಕೆನ್ನೆ ಗಲ್ಲಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಜೊತೆಗಾರರು ಒಬ್ಬರಿಗೊಬ್ಬರು ಮೈ ಉಜ್ಜಿ ಇಬ್ಬರಿಗೂ ಸಮಾನವಾದ ಒಂದು ಗಂಧವನ್ನು ಮಾಡಿಕೊಳ್ಳುತ್ತಾರೆ. ಅದೇ ಅವರ ಗುರುತಿನ ಚೀಟಿ. ಆಸ್ಪತ್ರೆಗೆ ಹೋಗಿ ಬಂದ ತಮ್ಮನನ್ನು ಕಂಡು ಅಣ್ಣ ಬುಸುಗುಟ್ಟುವುದು ದ್ವೇಷದಿಂದಲ್ಲ. ಔಷಧದ ನಾತದಲ್ಲಿ ಆ ಚೀಟಿ ಕಳೆದುಹೋಗಿರುತ್ತದೆ. ಬಂದದ್ದನ್ನು ಒಂದು ದಿನ ಬೇರೆ ಕೋಣೆಯಲ್ಲಿರಿಸಿ, ಇಬ್ಬರೂ ಮಲಗಿದ ಹಳೆಯ ಬಟ್ಟೆಯಿಂದ ಅದರ ಮೈ ಒರಸಿದರೆ ಸಾಕು. ಬೇರೆಬೇರೆ ಮನೆಗಳ ಮರಿಗಳನ್ನು ಕೂಡಿಸುವಾಗಲೂ ಇದೇ ಕ್ರಮ: ಮೊದಲು ಬಟ್ಟೆಗಳ ವಿನಿಮಯ, ಅನಂತರ ಮುಚ್ಚಿದ ಬಾಗಿಲಿನ ಎರಡು ಪಕ್ಕಗಳಲ್ಲಿ ಊಟ, ಕಡೆಗೆ ಮುಖಾಮುಖಿ ಭೇಟಿ. ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು, ಆತುರ ಸಲ್ಲದು.

ಮೂರನೆಯದಾಗಿ, ಆಟವನ್ನೂ ಜಗಳವನ್ನೂ ಬೇರ್ಪಡಿಸಿ ತಿಳಿಯಬೇಕು. ಆಟದಲ್ಲಿ ಸದ್ದು ಕಡಿಮೆ, ಉಗುರು ಒಳಗೆ, ಕೆಳಗಿದ್ದುದು ಮರುಗಳಿಗೆಯಲ್ಲಿ ಮೇಲೆ. ಕಿವಿ ಹಿಂದಕ್ಕೆ ಅಂಟಿ, ರೋಮ ನಿಮಿರಿ, ಗುರುಗುಟ್ಟುವಿಕೆ ಕೇಳಿಬಂದರೆ ಅದು ಜಗಳ. ಆಗ ಕೈ ಹಾಕಬಾರದು. ರೊಚ್ಚಿಗೆದ್ದ ಬೆಕ್ಕು ಸಿಕ್ಕಿದ್ದನ್ನು ಕಚ್ಚುತ್ತದೆ. ನಡುವೆ ಒಂದು ರಟ್ಟಿನ ಹಾಳೆಯನ್ನು ಇಳಿಬಿಟ್ಟು ಎರಡನ್ನೂ ಅಗಲಿಸಬೇಕು. ಅಪ್ಪಿತಪ್ಪಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿಯಿಂದ ಬರುವ ರೇಬೀಸ್ ಬೆಕ್ಕಿನಿಂದಲೂ ಬರಬಲ್ಲುದು. ಎರಡು ಬೆಕ್ಕುಗಳಿಗೂ ಅದರ ಲಸಿಕೆ ಹಾಕಿಸಿರಬೇಕು.

ಮಗ್ಗದ ಮನೆಯವರಿಗೆ ಇನ್ನೊಂದು ಮಾತು. ಆಟದ ಹುಮ್ಮಸ್ಸಿನ ಮರಿಗಳಿಗೆ ರೇಷ್ಮೆಯ ಎಳೆಯನ್ನು ಕೊಡಬಾರದು. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ನೂಲನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ಎಳೆಯು ಕರುಳನ್ನು ನೆರಿಗೆಯಂತೆ ಮಡಿಸಿ ಕೊಯ್ದು ಪ್ರಾಣಕ್ಕೆ ಎರವಾಗಬಹುದು. ಬಟ್ಟೆಯ ಚೆಂಡು ಸಾಕು.

ಇಷ್ಟನ್ನೂ ಮಾಡಿದ ಮೇಲೆ ಚೀಲ ಕಟ್ಟುವ ಪ್ರಸಂಗ ಬರುವುದು ಅಪರೂಪ. ಊರಾಚೆ ಬಿಟ್ಟ ಬೆಕ್ಕು ಹಸಿವಿನಿಂದಲೋ ನಾಯಿಗಳ ಬಾಯಿಗೋ ಬಲಿಯಾಗುತ್ತದೆ; ಉಳಿದುಕೊಂಡರೆ ಕಾವಲಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಮೃತ್ಯುವಾಗುತ್ತದೆ. ತಪ್ಪು ಬೆಕ್ಕಿನದಲ್ಲ, ಸಕಾಲದಲ್ಲಿ ಮಾಡಬೇಕಾದುದನ್ನು ಮಾಡದ ನಮ್ಮದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಬಂಡೆಯ ಶಾಸನವನ್ನು ಪತ್ತೆಮಾಡಿದರು. ತಂದೆತಾಯಿಗಳ ಸೇವೆ, ಸತ್ಯವಚನಗಳ ಜೊತೆಯಲ್ಲಿ ಪ್ರಾಣಿಗಳ ವಿಷಯದಲ್ಲಿ ದಯೆಯನ್ನೂ ಆ ಬಂಡೆ ಬೋಧಿಸುತ್ತದೆ. ದಯೆ ಹಳೆಯ ಮಾತು. ಅದನ್ನು ಆಚರಿಸುವ ಬಗೆಯನ್ನು ವಿಜ್ಞಾನ ತಿಳಿಸಿಕೊಟ್ಟಿದೆ. ಗೋಣಿಚೀಲದ ಮೇಲೆ ಅಪ್ಪಿ ಮಲಗಿದ ಆ ಎರಡು ಮರಿಗಳು ಮುಪ್ಪಿನವರೆಗೂ ಹಾಗೆಯೇ ಮಲಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ.