ಡಿಪ್ಲೊಮ ಮುಗಿಸಿದ ಮಕ್ಕಳಿಗೆ ಪದವಿಯ ದಾರಿ

ಲೊಕ್ಕನಹಳ್ಳಿ ಹೋಬಳಿಯ ಬೆಳೆಗಾರರ ಮನೆಗಳಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಮಕ್ಕಳನ್ನು ಪಾಲಿಟೆಕ್ನಿಕ್ಕಿಗೆ ಸೇರಿಸುವುದು ಹೊಸತೇನಲ್ಲ. ಮೂರು ವರ್ಷದ ಓದು, ಪಿ.ಯು.ಸಿ. ಟ್ಯೂಷನ್ನಿನ ಖರ್ಚಿಲ್ಲ, ಮುಗಿದೊಡನೆ ಕೆಲಸ ಸಿಕ್ಕೀತೆಂಬ ಭರವಸೆ. ಎರಡು ಮೂರು ಎಕರೆ ತೋಟದವರಿಗೆ ಇದು ಒಪ್ಪುವ ಲೆಕ್ಕವೇ. ಆದರೆ ಡಿಪ್ಲೊಮ ಕೈಗೆ ಬಂದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. "ಇಷ್ಟು ಓದಿದ್ದು ಸಾಕು" ಎಂಬುದು ಒಂದು. ಯಾರೋ ಏಜೆಂಟರ ಮಾತು ನಂಬಿ, ಮನೆಯಲ್ಲೇ ಕುಳಿತು ಇಂಜಿನಿಯರಾಗುವ ಕೋರ್ಸಿಗೆ ಅಡಿಕೆ ಮಾರಿದ ಹಣ ಕಟ್ಟುವುದು ಇನ್ನೊಂದು. ಇವೆರಡಕ್ಕಿಂತ ಉತ್ತಮವಾದ ದಾರಿಯಿದೆ. ಅದನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಡಿಪ್ಲೊಮ ಕೀಳು ಓದೆಂದು ನಾವು ಹೇಳುತ್ತಿಲ್ಲ. ಹಿಂದೆ ಎಲ್.ಸಿ.ಇ., ಎಲ್.ಎಂ.ಇ. ಎಂದು ಕರೆಸಿಕೊಳ್ಳುತ್ತಿದ್ದವರೇ ನಮ್ಮ ನಾಡಿನ ಎಷ್ಟೋ ನಾಲೆ, ರಸ್ತೆ, ಕಾರ್ಖಾನೆಗಳ ಕೆಲಸವನ್ನು ಮುಂದೆ ನಿಂತು ಮಾಡಿಸಿದವರು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಇಂದು ಎಸ್.ಜೆ. ಪಾಲಿಟೆಕ್ನಿಕ್ ಎನಿಸಿರುವ ಸಂಸ್ಥೆ ಹುಟ್ಟಿದ್ದೂ ಕೈಕೆಲಸ ಬಲ್ಲ ತಂತ್ರಜ್ಞರು ಬೇಕೆಂದೇ. ತೊಡಕಿರುವುದು ಮುಂದಿನ ಮೆಟ್ಟಿಲಲ್ಲಿ. ಸರ್ಕಾರದ ಇಲಾಖೆಗಳಲ್ಲಾಗಲಿ ವಿದ್ಯುತ್ ಸರಬರಾಜು ನಿಗಮಗಳಲ್ಲಾಗಲಿ ಜೂನಿಯರ್ ಇಂಜಿನಿಯರ್ ಹುದ್ದೆಗೆ ಡಿಪ್ಲೊಮ ಸಾಕು. ಸಹಾಯಕ ಇಂಜಿನಿಯರ್ ಹುದ್ದೆಗೆ ನೇರವಾಗಿ ಸೇರಲು ಪದವಿಯೇ ಬೇಕು. ಖಾಸಗಿ ಕಾರ್ಖಾನೆಗಳಲ್ಲಿಯೂ ಯಂತ್ರದ ಮುಂದೆ ನಿಲ್ಲುವವನಿಗೂ ವಿಭಾಗವನ್ನು ನಡೆಸುವವನಿಗೂ ನಡುವೆ ಇದೇ ಗೋಡೆ ಅಡ್ಡ ನಿಲ್ಲುವುದುಂಟು.

ಡಿಪ್ಲೊಮ ಪಡೆದವರು ಬಿ.ಇ. ತರಗತಿಗೆ ಮೊದಲ ವರ್ಷದಿಂದ ಸೇರಬೇಕಾಗಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಪ್ಲೊಮ ಸಿ.ಇ.ಟಿ. ಬರೆದು, ನೇರವಾಗಿ ಎರಡನೆಯ ವರ್ಷಕ್ಕೆ, ಎಂದರೆ ಮೂರನೆಯ ಸೆಮಿಸ್ಟರಿಗೆ, ಸೇರಬಹುದು. ಮೂರು ವರ್ಷದಲ್ಲಿ ಪದವಿ. ಡಿಪ್ಲೊಮದಲ್ಲಿ ಶೇಕಡ 45, ಮೀಸಲಾತಿ ವರ್ಗದವರಾದರೆ ಶೇಕಡ 40 ಅಂಕ ಬಂದಿರಬೇಕು. ಅಂತಿಮ ವರ್ಷದಲ್ಲಿ ಓದುತ್ತಿರುವಾಗಲೇ ಪರೀಕ್ಷೆಗೆ ಕೂರಬಹುದು. ನಮ್ಮ ಜಿಲ್ಲೆಯ ಮಟ್ಟಿಗೆ ಚಾಮರಾಜನಗರದಲ್ಲಿಯೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಆದ್ದರಿಂದ ಬೆಂಗಳೂರೇ ಗತಿ ಎಂದು ಭಾವಿಸಬೇಕಾಗಿಲ್ಲ.

ಹುಡುಗರು ಎಡವುವುದು ಹೆಚ್ಚಾಗಿ ಗಣಿತದಲ್ಲಿ. ಬಿ.ಇ. ಮೊದಲ ವರ್ಷದ ಗಣಿತವನ್ನು ಇವರು ಓದಿರುವುದಿಲ್ಲವಾದ್ದರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಹೀಗೆ ನಡುವೆ ಸೇರಿದವರಿಗೆ ಹೆಚ್ಚುವರಿ ಗಣಿತ ಎಂಬ ಪತ್ರಿಕೆಗಳನ್ನು ಇಟ್ಟಿದೆ. ಅವುಗಳಲ್ಲಿ ಪಾಸಾಗಲೇಬೇಕು. ಪರೀಕ್ಷೆಗೂ ತರಗತಿಗೂ ನಡುವೆ ಸಿಗುವ ಎರಡು ಮೂರು ತಿಂಗಳನ್ನು ತೋಟದಲ್ಲಿ ಕಳೆ ಕೀಳಿಸುವುದಕ್ಕೇ ಪೂರ್ತಿ ಬಳಸದೆ, ದಿನಕ್ಕೆರಡು ಗಂಟೆಯಾದರೂ ಮಕ್ಕಳು ಗಣಿತದ ಪುಸ್ತಕ ಹಿಡಿಯುವಂತೆ ನೋಡಿಕೊಳ್ಳಿ.

ಯಾವ ವಿಭಾಗ ಎಂಬ ಪ್ರಶ್ನೆಗೆ ಬಹುಪಾಲು ಮಂದಿ ಕಂಪ್ಯೂಟರ್ ಎನ್ನುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮದವರು ಗಮನಿಸಬೇಕಾದ ಇನ್ನೊಂದು ವಿಭಾಗದ ಹೆಸರು ಕೈಗಾರಿಕಾ ಇಂಜಿನಿಯರಿಂಗ್ ಮತ್ತು ನಿರ್ವಹಣೆ. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್. ಮೊದಲಾದ ಕಾಲೇಜುಗಳಲ್ಲಿ ಇದನ್ನು ಕಲಿಸುತ್ತ ಬಂದಿದ್ದಾರೆ. ಯಂತ್ರದ ಜೊತೆಗೆ ಕೆಲಸದ ಅಳತೆ, ದಾಸ್ತಾನು, ಗುಣಮಟ್ಟ, ವೆಚ್ಚದ ಲೆಕ್ಕ ಇವೆಲ್ಲ ಇದರಲ್ಲಿ ಬರುತ್ತವೆ.

ಇದರಿಂದ ತೋಟಕ್ಕೇನು ಲಾಭವೆಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇವೆ. ಗಂಟೆಗೆ 300 ಕಿಲೋ ಹಣ್ಣು ತಿನ್ನುವ ಪಲ್ಪರ್ ಇದೆ, ಕೊಯ್ಲಿನ ಭರದಲ್ಲಿ ದಿನಕ್ಕೆ 3,000 ಕಿಲೋ ಹಣ್ಣು ಬರುತ್ತದೆ ಎಂದಿಟ್ಟುಕೊಳ್ಳಿ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕಾದ್ದರಿಂದ ಯಂತ್ರ ಹತ್ತು ಗಂಟೆ ಓಡಬೇಕು, ಕೆಲಸ ರಾತ್ರಿಗೆ ಬೀಳುತ್ತದೆ. ನಮ್ಮವರು ತಕ್ಷಣ ಇನ್ನೊಂದು ಪಲ್ಪರ್ ತರುವ ಮಾತಾಡುತ್ತಾರೆ. ಆದರೆ ಪಾರ್ಚ್‌ಮೆಂಟ್ ಒಣಗಲು ಒಳ್ಳೆಯ ಬಿಸಿಲಿದ್ದರೂ ಒಂದು ವಾರವೋ ಅದಕ್ಕೂ ಹೆಚ್ಚೋ ಬೇಕು. ಮೊದಲ ದಿನ ಹರವಿದ್ದು ಎದ್ದು ಹೋಗುವುದರೊಳಗೆ ಏಳು ದಿನದ ಮಾಲು ಕಣಕ್ಕೆ ಬಂದು ಬೀಳುತ್ತದೆ. ಇಲ್ಲಿ ಕೊರತೆಯಿರುವುದು ಯಂತ್ರದಲ್ಲಲ್ಲ, ಕಣದಲ್ಲಿ. ಎರಡನೆಯ ಪಲ್ಪರ್ ತಂದರೆ ಒದ್ದೆ ಕಾಫಿ ಇನ್ನೂ ಬೇಗ ರಾಶಿ ಬಿದ್ದು ಬೂಷ್ಟು ಹಿಡಿಯುತ್ತದೆ, ಔಟ್‌ಟರ್ನ್ ನೋಡುವವರು ದರ ಕಡಿಮೆ ಮಾಡುತ್ತಾರೆ. ಕೊಯ್ಲನ್ನು ತಾಕುವಾರು ಹಂಚಿಕೊಳ್ಳುವುದೋ, ನಾಲ್ಕು ಮಂದಿ ಕೂಡಿ ಕಣ ಮಾಡಿಕೊಳ್ಳುವುದೋ ಇದಕ್ಕೆ ಮದ್ದು. ಹಳೆಯ ತಲೆಗಳು ಇದನ್ನು ಅನುಭವದಿಂದ ಬಲ್ಲರು. ಆ ಓದು ಓದಿದವರು ಕಾಗದದ ಮೇಲೆ ಲೆಕ್ಕ ಹಾಕಿ, ಹಣ ಸುರಿಯುವ ಮೊದಲೇ ತೋರಿಸಬಲ್ಲರು. ಅಡಿಕೆ ಸುಲಿಯುವ ಯಂತ್ರವನ್ನು ಹಂಗಾಮಿನಲ್ಲಿ ಹತ್ತಾರು ಮನೆಗಳಿಗೆ ಸರದಿಯಂತೆ ಓಡಿಸುವುದಕ್ಕೂ ಇದೇ ವಿದ್ಯೆ ಬೇಕು.

ಮನೆಯ ಪರಿಸ್ಥಿತಿಯಿಂದ ಮೂರು ವರ್ಷ ಕಾಲೇಜಿಗೆ ಹೋಗಲಾಗದೆ ಕೆಲಸಕ್ಕೆ ಸೇರಿದವರೂ ಇದ್ದಾರೆ. 2023ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಡಿಪ್ಲೊಮದಾರರು ಅನುಕೂಲದ ವೇಳೆಯಲ್ಲಿ ಪದವಿ ಓದುವ ವ್ಯವಸ್ಥೆಗೆ ಒಪ್ಪಿಗೆ ನೀಡಿತು. ಕೆಲಸದ ಸ್ಥಳ ಕಾಲೇಜಿಗೆ ಹತ್ತಿರವಿರಬೇಕೆಂಬ ನಿಬಂಧನೆಯಿದೆ. ಮೈಸೂರು, ನಂಜನಗೂಡು ಕಡೆ ಕಾರ್ಖಾನೆಗಳಲ್ಲಿರುವ ನಮ್ಮ ಮಕ್ಕಳು ಹತ್ತಿರದ ಕಾಲೇಜುಗಳಲ್ಲಿ ಇದನ್ನು ವಿಚಾರಿಸಬಹುದು.

ಅಂಚೆಯ ಮೂಲಕ ಇಂಜಿನಿಯರಿಂಗ್ ಪದವಿ ಕೊಡಿಸುತ್ತೇವೆ ಎನ್ನುವವರ ವಿಚಾರದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಹೀಗೆ ಕೊಟ್ಟ ಪದವಿಗಳ ಬಗ್ಗೆ ಸುಪ್ರೀಂ ಕೋರ್ಟು 2017ರ ನವೆಂಬರ್ 3ರಂದು ತೀರ್ಪು ನೀಡಿತು. 2001ರಿಂದ 2005ರವರೆಗೆ ಸೇರಿದ್ದವರ ಪದವಿ ಅಮಾನತಾಗಿ ಮತ್ತೆ ಪರೀಕ್ಷೆಯ ಮಾತು ಬಂತು; ಆಮೇಲೆ ಸೇರಿದವರ ಪದವಿ ರದ್ದೇ ಆಯಿತು. ಒಂದು ಕಾಲದಲ್ಲಿ ನೌಕರಿಯಲ್ಲಿದ್ದ ಡಿಪ್ಲೊಮದವರಿಗೆ ದೊಡ್ಡ ಆಸರೆಯಾಗಿದ್ದ ಎ.ಎಂ.ಐ.ಇ. ಪರೀಕ್ಷೆಯನ್ನು ಪದವಿಗೆ ಸಮವೆಂದು ಒಪ್ಪುವುದು 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗಷ್ಟೇ. ಅಣ್ಣ ಹಾಗೆ ಓದಿ ಮೇಲೆ ಬಂದನೆಂದು ತಮ್ಮನೂ ಅದೇ ದಾರಿ ಹಿಡಿದರೆ ಫಲವಿಲ್ಲ.

ಹಣದ ವಿಚಾರ. ಮಗಳ ಓದಿಗೆಂದು ತೋಟದ ಪತ್ರ ಹಿಡಿದು ಖಾಸಗಿ ಲೇವಾದೇವಿಯವರ ಬಳಿ ಹೋಗಬೇಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. 2015ರಲ್ಲಿ ಬಂದ ಸಾಲ ಖಾತರಿ ನಿಧಿಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಸಾಲ ಸಿಗಲು ಅವಕಾಶವಿದೆ. ತಂದೆಯೋ ತಾಯಿಯೋ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟುವಂತಿಲ್ಲವಾದರೂ ಅಷ್ಟು ದಿನದ ಬಡ್ಡಿ ಬೆಳೆಯುತ್ತಲೇ ಇರುತ್ತದೆಂಬುದನ್ನು ಮರೆಯಬಾರದು. ಕಾಫಿ ಹಣ ಬಂದಾಗ ಬಡ್ಡಿಯನ್ನಷ್ಟಾದರೂ ಕಟ್ಟುತ್ತ ಬಂದರೆ ಹೊರೆ ಇಳಿಯುತ್ತದೆ. ರೈತರ ಮಕ್ಕಳಿಗೆಂದು ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ವಿದ್ಯಾನಿಧಿ ಯೋಜನೆಯಲ್ಲಿ ಬಿ.ಇ. ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ನಿಗದಿಯಾಗಿತ್ತು. ಈ ಸಾಲಿನ ವಿಚಾರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ. ಹಿಂದುಳಿದ ವರ್ಗ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿ ನಿಲಯಗಳಿಗೂ ಕಾಲೇಜು ಸೇರಿದ ಕೂಡಲೇ ಅರ್ಜಿ ಹಾಕುವುದು ಒಳ್ಳೆಯದು.

ಡಿಪ್ಲೊಮ ಸಿ.ಇ.ಟಿ. ಅರ್ಜಿ ಆನ್‌ಲೈನಿನಲ್ಲಿಯೇ ಹೋಗಬೇಕು. ಕೊನೆಯ ದಿನದವರೆಗೆ ಕಾದು ಹನೂರಿನ ಅಂಗಡಿ ಮುಂದೆ ಸಾಲು ನಿಲ್ಲುವುದು ಬೇಡ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತೆಗೆದಿರಿಸಿ. ಅವುಗಳ ಮೇಲಿನ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕಾಗುತ್ತದೆ. ಹಳೆಯ ಶಾಲಾ ದಾಖಲೆಗಳಲ್ಲಿ ನಮ್ಮೂರಿನ ಮುಂದೆ ಕೊಳ್ಳೇಗಾಲ ತಾಲ್ಲೂಕು ಎಂದೂ ಹೊಸ ಪತ್ರಗಳಲ್ಲಿ ಹನೂರು ತಾಲ್ಲೂಕು ಎಂದೂ ಇರುತ್ತದೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ವಿದ್ಯಾರ್ಥಿಯ ಮತ್ತು ತಂದೆಯ ಹೆಸರಿನ ಅಕ್ಷರಗಳು ಎಲ್ಲ ಪತ್ರಗಳಲ್ಲೂ ಒಂದೇ ಬಗೆಯಾಗಿವೆಯೇ ಎಂದು ಅರ್ಜಿ ಹಾಕುವ ಮುನ್ನ ನೋಡಿಕೊಳ್ಳಿ.