ನಿಮಗಿದು ಗೊತ್ತೇ? ಕುರ್ಚಿ, ಸಿದ್ಧಾಂತ ಮತ್ತು ಪತ್ರಿಕೆ

ಪತ್ರಿಕಾ ಸ್ವಾತಂತ್ರ್ಯ ಬೇಡ ಎನ್ನುವ ಪಕ್ಷ ಹುಡುಕಿದರೂ ಸಿಗದು. ಕುರ್ಚಿ ಸಿಕ್ಕಿದ ಮೇಲೆ ಅದೇ ಬಾಯಲ್ಲಿ ಏನು ಬರುತ್ತದೆ ಎಂಬುದೇ ಪ್ರಶ್ನೆ. ಲಂಡನ್ನಿನಿಂದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬೀರಸಂದ್ರದವರೆಗೆ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ಅಚ್ಚು ಹಾಕುವ ಮುಂಚೆ ಸರ್ಕಾರದ ಅಪ್ಪಣೆ ಏಕೆ ಪಡೆಯಬೇಕು ಎಂದು 1644ರಲ್ಲೇ ಗುಡುಗಿದವನು ಇಂಗ್ಲೆಂಡಿನ ಕವಿ ಜಾನ್ ಮಿಲ್ಟನ್. ಅವನ ‘ಅರಿಯೊಪಜಿಟಿಕ’ ಉದಾರವಾದಿಗಳಿಗೆ ಇಂದಿಗೂ ಮೂಲಪಾಠ. 1651ರ ಹೊತ್ತಿಗೆ ಅದೇ ಮಿಲ್ಟನ್ ಸರ್ಕಾರದ ನೌಕರಿಯಲ್ಲಿದ್ದು, ಒಂದು ಸುದ್ದಿಪತ್ರಿಕೆಗೆ ತಾನೇ ಅಪ್ಪಣೆ ಕೊಡುತ್ತಿದ್ದ!

● ಪತ್ರಿಕಾ ಸ್ವಾತಂತ್ರ್ಯಕ್ಕೆ ಕಾನೂನಿನ ರಕ್ಷಣೆ ಕೊಡುವುದರಲ್ಲಿ ಜಗತ್ತಿಗೇ ಮೊದಲಿಗ ಸ್ವೀಡನ್. ವರ್ಷ 1766.

● ‘ಆನ್ ಲಿಬರ್ಟಿ’ (1859) ಬರೆದ ಜಾನ್ ಸ್ಟುವರ್ಟ್ ಮಿಲ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ 35 ವರ್ಷ ದುಡಿದವನು. ತನ್ನ ಸ್ವಾತಂತ್ರ್ಯ ತತ್ತ್ವ ‘ಹಿಂದುಳಿದ’ ಸಮಾಜಗಳಿಗೆ ಅನ್ವಯಿಸದು ಎಂದು ಅದೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

● ಕಾರ್ಲ್ ಮಾರ್ಕ್ಸ್ ಸಂಪಾದಕನಾಗಿದ್ದ ‘ರೈನಿಷೆ ತ್ಸೈಟುಂಗ್’ ಪತ್ರಿಕೆಯನ್ನು ಪ್ರಷ್ಯಾ ಸರ್ಕಾರ 1843ರ ಮಾರ್ಚ್ ಕೊನೆಗೆ ಮುಚ್ಚಿಸಿತು. ಸೆನ್ಸಾರ್‌ಶಿಪ್ ವಿರುದ್ಧ ಅವನು ಅದರಲ್ಲಿ ಖಾರವಾದ ಲೇಖನಗಳನ್ನು ಬರೆದಿದ್ದ. ಮೂರು ತಿಂಗಳ ನಂತರ, ಜುಲೈ 1ರಂದು, ಇನ್ನೊಬ್ಬ ಜರ್ಮನ್ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ಹೊರತಂದರು. ನಾವು ಪತ್ರಿಕಾ ದಿನ ಆಚರಿಸುವುದು ಅದೇ ದಿನ.

● ಮಾರ್ಕ್ಸ್‌ನ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಲೆನಿನ್ ಎರಡೇ ದಿನದಲ್ಲಿ ಪತ್ರಿಕೆಗಳ ಮೇಲೆ ಆಜ್ಞೆ ಹೊರಡಿಸಿದ. ಬಂಡವಾಳಗಾರರ ಪತ್ರಿಕೆಯ ಸ್ವಾತಂತ್ರ್ಯವೆಂದರೆ ಹಣವಂತರ ಸ್ವಾತಂತ್ರ್ಯ ಎಂಬುದು ಅವನ ವಾದ. 1917ರ ಆ ಆಜ್ಞೆ ‘ತಾತ್ಕಾಲಿಕ’ ಎಂದಿತ್ತು. ಸೋವಿಯತ್ ದೇಶದಲ್ಲಿ ಕಾನೂನಿನ ಮೂಲಕ ಸೆನ್ಸಾರ್ ರದ್ದಾದದ್ದು 1990ರಲ್ಲಿ.

● ಮುಸೊಲಿನಿ ಮೂಲತಃ ಪತ್ರಿಕಾ ಸಂಪಾದಕ. ಅವನ ಆಳ್ವಿಕೆಯಲ್ಲಿ ನೋಂದಣಿ ಪಟ್ಟಿಯಲ್ಲಿ ಹೆಸರಿಲ್ಲದವರು ಪತ್ರಕರ್ತರಾಗುವಂತಿರಲಿಲ್ಲ.

● ‘ಮಾದರಿ ಸಂಸ್ಥಾನ’ ಎನಿಸಿಕೊಂಡ ನಮ್ಮ ಮೈಸೂರು 1908ರಲ್ಲಿ ವೃತ್ತಪತ್ರಿಕೆಗಳ ಕಾಯಿದೆ ತಂದಿತು. ಪತ್ರಿಕೆ ಹೊರಡಿಸಲು ಸರ್ಕಾರದ ಅಪ್ಪಣೆ ಬೇಕಿತ್ತು. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯಲೂ ಅವಕಾಶವಿತ್ತು. ಇದನ್ನು ಪ್ರತಿಭಟಿಸಿ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

● ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಗೌರಿಬಿದನೂರು ದಾಟಿದರೆ ಹಿಂದೂಪುರ. 1947ರಲ್ಲಿ ಅದು ಮೈಸೂರು ಸಂಸ್ಥಾನದ ಗಡಿಯಾಚೆ, ಮದ್ರಾಸ್ ಪ್ರಾಂತ್ಯದಲ್ಲಿತ್ತು. ‘ಮೈಸೂರು ಚಲೋ’ ಚಳವಳಿಯ ಸಮಯದಲ್ಲಿ ಸರ್ಕಾರ ‘ಪೌರವಾಣಿ’ಯ ಬಾಯಿ ಕಟ್ಟಿದಾಗ, ಗಾಂಧಿವಾದಿ ಎಚ್.ಎಸ್. ದೊರೆಸ್ವಾಮಿ ಪತ್ರಿಕೆಯನ್ನು ಹಿಂದೂಪುರಕ್ಕೆ ಒಯ್ದು ಅಲ್ಲಿಂದ ಹೊರಡಿಸಿದರು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ.

● ಸಂವಿಧಾನದ 19ನೇ ವಿಧಿಯಲ್ಲಿ ‘ಪತ್ರಿಕೆ’ ಎಂಬ ಮಾತೇ ಇಲ್ಲ. ಸಂಪಾದಕನೂ ಒಬ್ಬ ಪ್ರಜೆ. ಪ್ರಜೆಗಿರುವ ವಾಕ್ ಸ್ವಾತಂತ್ರ್ಯವೇ ಅವನಿಗೂ ಸಾಕು, ಬೇರೆ ಹಕ್ಕು ಬೇಕಿಲ್ಲ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವಾದಿಸಿದ್ದರು. 1920ರಲ್ಲೇ ‘ಮೂಕನಾಯಕ’ ಪತ್ರಿಕೆ ಆರಂಭಿಸಿದ್ದವರೂ ಅವರೇ.

● ಎಡಪಂಥೀಯರ ‘ಕ್ರಾಸ್ ರೋಡ್ಸ್’ ಪತ್ರಿಕೆಯನ್ನು ಮದ್ರಾಸ್ ಸರ್ಕಾರ ಒಳಗೆ ಬಿಡಲಿಲ್ಲ. ಆರೆಸ್ಸೆಸ್ ಪರವಾದ ‘ಆರ್ಗನೈಸರ್’ಗೆ ದಿಲ್ಲಿ ಆಡಳಿತ ಪ್ರಕಟಣೆಗೆ ಮುನ್ನ ಪರಿಶೀಲನೆ ಹೇರಿತು. ಎರಡೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ 1950ರ ಮೇ 26ರಂದು ಒಂದೇ ದಿನ ಗೆದ್ದವು. ಮರುವರ್ಷವೇ ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ‘ಸಾರ್ವಜನಿಕ ಸುವ್ಯವಸ್ಥೆ’ಯೂ ಸೇರಿದಂತೆ ಹೊಸ ನಿರ್ಬಂಧಗಳನ್ನು ಸೇರಿಸಿತು. ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಷರತ್ತು ಸೇರಿದ್ದೂ ಆಗಲೇ. ಅಮೆರಿಕದ ಮೊದಲ ತಿದ್ದುಪಡಿ ಪತ್ರಿಕೆಗಳ ಸ್ವಾತಂತ್ರ್ಯ ಕಾಯಲು ಬಂದದ್ದು. ನಮ್ಮದು ಅದಕ್ಕೆ ಮಿತಿ ಹಾಕಿತು.

● ಸಂಸತ್ತಿನ ಕಲಾಪವನ್ನು ಪತ್ರಿಕೆಗಳು ನಿರ್ಭಯವಾಗಿ ವರದಿ ಮಾಡಲೆಂದು 1956ರಲ್ಲಿ ಕಾಯಿದೆ ಮಾಡಿಸಿದವರು ಫಿರೋಜ್ ಗಾಂಧಿ. 1976ರಲ್ಲಿ ಅದನ್ನು ರದ್ದು ಮಾಡಿದ್ದು ಅವರ ಪತ್ನಿ ಇಂದಿರಾ ಗಾಂಧಿಯವರ ಸರ್ಕಾರ. ಮರುವರ್ಷ ಜನತಾ ಸರ್ಕಾರ ಅದಕ್ಕೆ ಮತ್ತೆ ಜೀವ ಕೊಟ್ಟಿತು.

● ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲು ಹಲವು ಸಿದ್ಧಾಂತಗಳಿಗೆ ಒಂದೇ ಸೂರಾಗಿತ್ತು. ಜನಸಂಘದ ವಾಜಪೇಯಿ, ಅಡ್ವಾಣಿ, ಸಮಾಜವಾದಿ ಮಧು ದಂಡವತೆ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ ಎಲ್ಲರೂ ಅಲ್ಲಿದ್ದರು. ಸರ್ವಾಧಿಕಾರಿಯಂತೆ ನಡೆದುಕೊಳ್ಳುತ್ತಿದ್ದೀರಿ ಎಂದು ಇಂದಿರಾ ಅವರಿಗೆ ಪತ್ರ ಬರೆದ ದೊರೆಸ್ವಾಮಿಯವರೂ ಜೈಲು ಕಂಡರು. 1977ರಲ್ಲಿ ಅಡ್ವಾಣಿ ವಾರ್ತಾ ಮತ್ತು ಪ್ರಸಾರ ಸಚಿವರಾದರು, ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಹೇರಿದ್ದ ಕರಾಳ ಕಾಯಿದೆ ಹೋಯಿತು. ಆಕಾಶವಾಣಿ, ದೂರದರ್ಶನ ಮಾತ್ರ ಸರ್ಕಾರದ ಕೈಯಲ್ಲೇ ಉಳಿದವು. ಅವೆರಡನ್ನೂ ನಡೆಸುವ ಸ್ವಾಯತ್ತ ಸಂಸ್ಥೆ ಪ್ರಸಾರ ಭಾರತಿ ಕಾರ್ಯಾರಂಭ ಮಾಡಿದ್ದು 1997ರಲ್ಲಿ.

● ಹೊಸಕೋಟೆಗೆ ಆಚೆ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಗರು ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊವನ್ನು ಕೇಬಲ್ ತಂತಿಯ ಮೂಲಕ ಕೇಳಿಸಿದರು. ಗಾಳಿಯಲ್ಲಿ ಬಿತ್ತರಿಸಲು ಲೈಸೆನ್ಸ್ ಸಿಗುತ್ತಿರಲಿಲ್ಲ. ಸಮುದಾಯ ಸಂಘಟನೆಗಳಿಗೆ ಆ ಬಾಗಿಲು ತೆರೆದದ್ದು 2006ರಲ್ಲಿ. ಖಾಸಗಿ ಎಫ್‌ಎಂಗಳು ಇವತ್ತಿಗೂ ಸ್ವಂತ ಸುದ್ದಿ ಓದುವಂತಿಲ್ಲ.

● ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ದಲ್ಲಿ ಜಾಹೀರಾತು ಹಾಕಲಿಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯದೂ ಅದೇ ಹಟ. ಬಾಯಿ ಕಟ್ಟಲು ಪೊಲೀಸರೇ ಬರಬೇಕಿಲ್ಲ, ಜಾಹೀರಾತು ನಿಂತರೂ ಸಾಕು ಎಂಬುದು ತಾಲ್ಲೂಕು ಮಟ್ಟದ ಯಾವ ಸಂಪಾದಕರಿಗೂ ಗೊತ್ತು. ಸರ್ಕಾರಿ ಜಾಹೀರಾತು ಬೇಕಾದರೆ ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿರಬೇಕು.

● 2017ರ ಜೂನ್‌ನಲ್ಲಿ ‘ಹಾಯ್ ಬೆಂಗಳೂರ್’ ಮತ್ತು ‘ಯಲಹಂಕ ವಾಯ್ಸ್’ ಪತ್ರಿಕೆಗಳ ಸಂಪಾದಕರಿಗೆ ಒಂದು ವರ್ಷ ಜೈಲು, ತಲಾ 10,000 ರೂಪಾಯಿ ದಂಡ ವಿಧಿಸಿದ್ದು ಕೋರ್ಟ್ ಅಲ್ಲ, ವಿಧಾನಸಭೆ. ಕಾರಣ ಹಕ್ಕುಚ್ಯುತಿ. ದೂರು ಕೊಟ್ಟ ಶಾಸಕರಲ್ಲಿ ಕಾಂಗ್ರೆಸ್ಸಿನವರೂ ಇದ್ದರು, ಬಿಜೆಪಿಯವರೂ ಇದ್ದರು. 2019ರ ಅಕ್ಟೋಬರ್‌ನಲ್ಲಿ, ಬಿಜೆಪಿ ಆಳ್ವಿಕೆಯಲ್ಲಿ, ಖಾಸಗಿ ಟಿವಿ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು.

● ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ತೀರ್ಮಾನಿಸಲು ಕೇಂದ್ರದ ಬಿಜೆಪಿ ಸರ್ಕಾರ 2023ರಲ್ಲಿ ಫ್ಯಾಕ್ಟ್ ಚೆಕ್ ಘಟಕದ ನಿಯಮ ತಂದಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಜೂನ್‌ನಲ್ಲಿ ಬಯಲಿಗೆ ಬಂದ ಕರ್ನಾಟಕದ ಕಾಂಗ್ರೆಸ್ ಸರ್ಕಾರದ ಕರಡು ಮಸೂದೆಯಲ್ಲಿ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದಿತ್ತು.

● ನೆಲಮಂಗಲದಲ್ಲೋ ದೇವನಹಳ್ಳಿಯಲ್ಲೋ ವಾರಪತ್ರಿಕೆ ಮಾಡಬೇಕೆಂದರೆ ಮೊದಲೆಲ್ಲ ಜಿಲ್ಲಾ ದಂಡಾಧಿಕಾರಿಗಳ ಮುಂದೆ ‘ಡಿಕ್ಲರೇಷನ್’ ಕೊಡಬೇಕಿತ್ತು. ಗ್ರಾಮಾಂತರ ಜಿಲ್ಲೆಯವರು ಅದಕ್ಕೆಂದೇ ಬೆಂಗಳೂರು ನಗರಕ್ಕೆ, ಆಮೇಲೆ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅಲೆಯುತ್ತಿದ್ದರು. ಅದನ್ನು ಕಡ್ಡಾಯ ಮಾಡಿದ್ದ ಬ್ರಿಟಿಷರ 1867ರ ಕಾಯಿದೆಯ ಬದಲಿಗೆ 2024ರ ಮಾರ್ಚ್ 1ರಂದು ಹೊಸ ಕಾಯಿದೆ ಬಂತು. ಈಗ ನೋಂದಣಿ ಆನ್‌ಲೈನ್. ಆದರೂ ಭಯೋತ್ಪಾದನೆ ಪ್ರಕರಣದಲ್ಲಿ ಶಿಕ್ಷೆಯಾದವರು, ದೇಶದ ಭದ್ರತೆಗೆ ಧಕ್ಕೆ ತಂದವರು ಪತ್ರಿಕೆ ಹೊರಡಿಸುವಂತಿಲ್ಲ.

● ಪತ್ರಿಕೆಯ ಕೊನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯ ಇರುತ್ತದೆ: ಮಾಲೀಕರು ಯಾರು, ಮುದ್ರಕರು ಯಾರು, ಸಂಪಾದಕರು ಯಾರು, ಅಚ್ಚಾದದ್ದು ಎಲ್ಲಿ. ಮುದ್ರಕರ ಹೆಸರು, ಊರು ಹಾಕಲೇಬೇಕೆಂದದ್ದು ಆ 1867ರ ಕಾಯಿದೆ. ಬರಹ ಸಿಟ್ಟು ತರಿಸಿದರೆ ಯಾರನ್ನು ಹಿಡಿಯಬೇಕೆಂದು ಸರ್ಕಾರಕ್ಕೆ ಗೊತ್ತಾಗಲಿ ಎಂಬುದು ಅದರ ಲೆಕ್ಕ. ಈಗ ಅದು ಓದುಗರಿಗೇ ಹೆಚ್ಚು ಉಪಯೋಗ. ಎಡ, ಬಲ, ನಡುಪಂಥದ ಯಾವ ಪತ್ರಿಕೆಯೇ ಕೈಗೆ ಬರಲಿ, ಮುಖಪುಟದ ತಲೆಬರಹ ನಂಬುವ ಮುಂಚೆ ಮಾಲೀಕರ ಹೆಸರು ಓದಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುದ್ದಿಗೆ ಆ ಸಾಲೇ ಇರುವುದಿಲ್ಲ.