ಹೆಸರಘಟ್ಟದ ಸುಗಂಧರಾಜ

ಬೆಳಗೊಳದ ಸುತ್ತ ನಾಲೆ ನೀರಿಗೆ ಭತ್ತ, ಕಬ್ಬೇ ದೊಡ್ಡ ಬೆಳೆ. ಆದರೂ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಅಲ್ಲಲ್ಲಿ ಸುಗಂಧರಾಜದ ತಾಕುಗಳಿವೆ. ನಸುಕಿನಲ್ಲೇ ಬಿಡಿಸಿದ ಮೊಗ್ಗು ಹೊತ್ತೇರುವ ಮೊದಲು ಮಾರುಕಟ್ಟೆ ಮುಟ್ಟಬೇಕು, ಇಲ್ಲದಿದ್ದರೆ ಬೆಲೆಯಿಲ್ಲ. ಮದುವೆ ಹಾರಕ್ಕೂ ದೇವರ ಹಾರಕ್ಕೂ ಬೇಕಾದ ಈ ಹೂವಿನ ಹಿಂದೆ ನಮ್ಮ ರಾಜ್ಯದಲ್ಲೇ ನಡೆದ ತಳಿಗಾರಿಕೆಯ ದುಡಿಮೆಯಿದೆ.

ಸುಗಂಧರಾಜದ ತವರು ಮೆಕ್ಸಿಕೊ. ಡ್ಯಾಫೋಡಿಲ್‌ನಂತೆ ಇದೂ ಗೆಡ್ಡೆಯಿಂದ ಬರುವ ಹೂ. ಹಿಂದೆ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಈಗ ಇದು ಕತ್ತಾಳೆಯ ಬಳಗದಲ್ಲಿದೆ. ಡ್ಯಾಫೋಡಿಲ್‌ಗೆ ಕೊರೆಯುವ ಚಳಿಗಾಲ ಬೇಕು, ಇದಕ್ಕೆ ನಮ್ಮ ಬಿಸಿಲೇ ಸಾಕು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿಂಗಲ್ (ಒಂದೇ ಸುತ್ತು ಎಸಳಿನ) ಮತ್ತು ಡಬಲ್ (ಹಲವು ಸುತ್ತು ಎಸಳಿನ) ಬಗೆಗಳನ್ನು ಕೂಡಿಸಿ ‘ಶೃಂಗಾರ್’, ‘ಸುವಾಸಿನಿ’ ತಳಿಗಳನ್ನು ಕೊಟ್ಟಿತು. ಈ ಕೂಡಿಸುವ ಕೆಲಸ ಬಹಳ ನಾಜೂಕಿನದು. ದಂಟಿನಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಇನ್ನೇನು ಬಿರಿಯಲಿರುವ ಮೊಗ್ಗನ್ನು ಮೆಲ್ಲಗೆ ಬಿಡಿಸಿ, ಪರಾಗ ಚೆಲ್ಲುವ ಮೊದಲೇ ಆರೂ ಕೇಸರಗಳನ್ನು ಚಿಮಟದಿಂದ ಕಿತ್ತು, ಚೀಲ ಕಟ್ಟಬೇಕು. ಶಲಾಕಾಗ್ರ ಹದಕ್ಕೆ ಬಂದಾಗ ಇನ್ನೊಂದು ಬಗೆಯ ಪರಾಗ ಸವರಿ ಮತ್ತೆ ಚೀಲ ಕಟ್ಟಬೇಕು. ಕಾಯಿ ಬಲಿತರೆ ಒಳಗೆ ಕಪ್ಪು ಚಪ್ಪಟೆ ಬೀಜ. ಒಂದೊಂದು ಬೀಜದ ಸಸಿಗೂ ಒಂದೊಂದು ಗುಣ, ಬಹುಪಾಲು ಸಸಿಗಳನ್ನು ಕೈಬಿಡಲೇಬೇಕು. ಅಂಥದರಲ್ಲಿ ಒಂದೇ ಒಂದು ಒಳ್ಳೆಯದು ಸಿಕ್ಕರೂ ತಳಿಗಾರ ಗೆದ್ದ ಹಾಗೆ. ಅದರ ಮರಿಗೆಡ್ಡೆಗಳೆಲ್ಲ ತಾಯಿಯ ಪಡಿಯಚ್ಚು.

ಶೃಂಗಾರ್ ಬೇರುಗಂಟು ಜಂತುಹುಳುವನ್ನು ತಾಳಿಕೊಳ್ಳುತ್ತದೆ. ಈ ತಳಿಯನ್ನು ‘ಮೆಕ್ಸಿಕನ್ ಸಿಂಗಲ್’ ಎಂಬ ಬಗೆಯ ಜೊತೆ ಕೂಡಿಸಿದಾಗ ಬಂದದ್ದು ‘ಪ್ರಜ್ವಲ್’. ಮೊಗ್ಗಿನಲ್ಲಿ ನಸುಗೆಂಪು, ಅರಳಿದ ಮೇಲೆ ಅಚ್ಚ ಬಿಳಿ. ಬಿಡಿಹೂವಿನ ಇಳುವರಿ ಶೃಂಗಾರ್‌ಗಿಂತ ಸುಮಾರು 20% ಹೆಚ್ಚು. ಹಾರದ ಹೂ ಬೆಳೆಯುವವರಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ಆಯ್ಕೆ.

ನಾಲೆ ಬಯಲಿನ ರೈತರು ಒಂದು ಎಚ್ಚರ ವಹಿಸಬೇಕು. ಭತ್ತದ ಗದ್ದೆಯ ಹಾಗೆ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಬಸಿಯುವ ಭೂಮಿಯೇ ಬೇಕು. ಒಮ್ಮೆ ನೆಟ್ಟರೆ ಎರಡು-ಮೂರು ವರ್ಷ ಹೂ ಸಿಗುತ್ತದೆ. ಹಾಗಾಗಿ ಮೊದಲ ದಿನದ ಆಯ್ಕೆ ತಪ್ಪಿದರೆ ನಷ್ಟವೂ ಅಷ್ಟೇ ಕಾಲ. ಕೈಯಿಂದ ಕೈಗೆ ಬರುವ ಗೆಡ್ಡೆಗಳಲ್ಲಿ ತಳಿ ಬೆರಕೆಯಾಗಿರಬಹುದು. ಗೆಡ್ಡೆ ಕೊಳ್ಳುವಾಗ ತಳಿಯ ಹೆಸರು ಹಿಡಿದು ಕೇಳಿ, ಸಾಧ್ಯವಾದರೆ ಆ ತೋಟದಲ್ಲಿ ಹೂವಿರುವಾಗಲೇ ಹೋಗಿ ನೋಡಿ ಬನ್ನಿ.